ಹೆಬ್ಬೆಟ್ಟಿನ ಗುಟ್ಟು

ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನ ಯಾವ ಊರಿಗೆ ಹೋದರೂ ಮೊದಲು ಮೂಗಿಗೆ ಬಡಿಯುವುದು ತೊಗರಿ ಹೊಟ್ಟಿನ ಘಾಟು. ಹೊಲದ ಕಡೆಯಿಂದ ರಾಶಿ ಮಾಡುವ ಯಂತ್ರದ ಮೊರೆತ ಬಿಟ್ಟೂಬಿಡದೆ ಕೇಳುತ್ತದೆ. ರಸ್ತೆಯ ಮೇಲೆ ಹರವಿದ ಗಿಡಗಳ ಮೇಲೆ ಬಸ್ಸು ಹಾದುಹೋದರೆ ಒಣಗಿದ ಕಾಯಿ ಚಟಚಟ ಒಡೆಯುತ್ತವೆ, ಹಿಂದೆಯೇ ಎದ್ದ ಧೂಳು ರೇಶನ್ ಅಂಗಡಿಯ ಮುಂದೆ ನಿಂತವರ ಮೈಮೇಲೆ ನಿಧಾನಕ್ಕೆ ಇಳಿಯುತ್ತದೆ. ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡ ಹೆಣ್ಣುಮಕ್ಕಳು ಗೋಡೆಯ ನೆರಳು ಸರಿದಂತೆ ತಾವೂ ಸರಿಯುತ್ತ ಕೂತಿದ್ದಾರೆ. ಒಳಗೆ ತಕ್ಕಡಿ, ಅಕ್ಕಿ ಮೂಟೆ, ಟೇಬಲ್ಲಿನ ಮೇಲೆ ಅಂಗೈಯಗಲದ ಒಂದು ಯಂತ್ರ. ನೀವೂ ಸಾಲಿನ ಪಕ್ಕದಲ್ಲಿ ನಿಂತು ನೋಡಿ.

"ಯವ್ವಾ, ಬೆರಳ ಒರಸ್ಕೊಂಡು ಇನ್ನೊಮ್ಮಿ ಇಡ್ರಿ."

ಮುದುಕಿ ಹೆಬ್ಬೆಟ್ಟನ್ನು ಸೆರಗಿಗೆ ಉಜ್ಜಿ, ಬಾಯಿಯ ಹಬೆ ಊದಿ, ಮತ್ತೆ ಗಾಜಿನ ಮೇಲೆ ಒತ್ತುತ್ತಾಳೆ. ಯಂತ್ರ ಕುಂಯ್ ಎನ್ನುತ್ತದೆ. "ತಗೊಳವಲ್ದಲ್ಲೋ ತಮ್ಮಾ. ಹೋದ ತಿಂಗಳ ಇದೇ ಬೆಟ್ಟು ತಗೊಂಡಿತ್ತು."

ಆ ಬೆಟ್ಟನ್ನು ಹತ್ತಿರದಿಂದ ನೋಡಿದರೆ ಕಾರಣ ತಿಳಿಯುತ್ತದೆ. ಕುಡುಗೋಲು ಹಿಡಿದು ಕೊಯ್ದು, ಕಟ್ಟು ಕಟ್ಟಿ, ಬಡಿದು ತೂರಿದ ಕೈ ಅದು. ಗೆರೆಗಳು ಅರ್ಧಕ್ಕರ್ಧ ಸವೆದಿವೆ, ಉಳಿದ ಬಿರುಕುಗಳೊಳಗೆ ಎರೆಮಣ್ಣು ಕೂತು ಕಪ್ಪಾಗಿದೆ. ಯಂತ್ರ ಹುಡುಕುವ ಗೆರೆ ಸುಗ್ಗಿಯ ಕಾಲಕ್ಕೆ ಅಲ್ಲಿ ಇರುವುದೇ ಇಲ್ಲ.

ಆದರೆ ಯಂತ್ರದ ಒಳಗಿನ ಗಣಿತ ಬಹಳ ಗಟ್ಟಿ. ಬೆರಳಿನ ಚಿತ್ರ ಅಲ್ಲಿಂದ ಹೊರಡುವ ಮುಂಚೆಯೇ ಗೂಢಲಿಪಿಯಾಗುತ್ತದೆ. ಅದನ್ನು ಬಿಡಿಸುವ ಕೀಲಿಯನ್ನು 2048 ಬಿಟ್ಟಿನ ಆರ್‌ಎಸ್‌ಎ ಲೆಕ್ಕ ಕಾಯುತ್ತದೆ. ನಡುದಾರಿಯಲ್ಲಿ ಕದ್ದವನಿಗೆ ಇವತ್ತಿನ ಯಾವ ಕಂಪ್ಯೂಟರೂ ಅದನ್ನು ಬಿಡಿಸಿಕೊಡಲಾರದು. ಅಷ್ಟು ಕಾವಲು ಇದ್ದೂ ಮುದುಕಿ ಮಾತ್ರ ಹೊರಗೇ ನಿಂತಿದ್ದಾಳೆ. ಗೂಢಲಿಪಿಯ ವಿಜ್ಞಾನವಾದ ಕ್ರಿಪ್ಟೋಗ್ರಫಿಯ ಮುಂದಿನ ಸಂಶೋಧನೆ ಯಾವ ದಿಕ್ಕಿಗೆ ಹೋಗಬೇಕು ಎಂದು ಬೆಂಗಳೂರಿನಲ್ಲೋ ಕೋಲ್ಕತ್ತದಲ್ಲೋ ಕೂತು ಯೋಚಿಸುವವರು ಒಮ್ಮೆ ಈ ಸಾಲಿನಲ್ಲಿ ನಿಲ್ಲಬೇಕು ಎಂಬ ಆಸೆ ನನಗೆ ಹುಟ್ಟಿದ್ದು ಇಂಥ ಅಂಗಡಿಗಳ ಮುಂದೆ.

ಭೀಮಾ ನದಿ ಅಫಜಲಪುರದ ಕಡೆಯಿಂದ ಜೇವರ್ಗಿಯ ಕಡೆ ಹರಿಯುತ್ತದೆ. ನಾವು ನೀರಿಗೆ ಎದುರಾಗಿ ಅಫಜಲಪುರಕ್ಕೆ ಹೋಗೋಣ. ಅಲ್ಲಿನ ಆನ್‌ಲೈನ್ ಅಂಗಡಿಯೊಳಗೆ ಬಿಸಿ ಕಾಗದದ ವಾಸನೆ, ಝೆರಾಕ್ಸ್ ಯಂತ್ರದ ಹಸಿರು ಬೆಳಕು ಗೋಡೆಯ ಮೇಲೆ ಹೋಗಿ ಬರುತ್ತಿದೆ. ಪಹಣಿ, ಜಾತಿ ಪ್ರಮಾಣಪತ್ರ, ಬೆಳೆ ವಿಮೆ, ಎಲ್ಲದಕ್ಕೂ ಇಲ್ಲೇ ಬರಬೇಕು. ಧೋತರದ ಹಿರಿಯರೊಬ್ಬರು ಪುಣೆಯಲ್ಲಿ ದುಡಿಯುವ ಮಗನಿಗೆ ಫೋನು ಹಚ್ಚಿಸಿದ್ದಾರೆ. ಆಧಾರಿಗೆ ಜೋಡಿಸಿದ ನಂಬರು ಅವನದು. "ಆರು ಅಂಕಿ ಬಂದಾವೇನು? ಗಟ್ಟಿ ಹೇಳು, ಇಲ್ಲಿ ಗದ್ದಲ ಐತಿ." ಆ ಕಡೆಯಿಂದ ಅಂಕಿ ಬರುತ್ತವೆ, ಈ ಕಡೆ ಹಿರಿಯರು ಒಂದೊಂದನ್ನೇ ಕೂಗುತ್ತಾರೆ. ಅಂಗಡಿಯವನು ಒತ್ತುತ್ತಾನೆ, ಬೆಂಚಿನ ಮೇಲಿದ್ದವರೆಲ್ಲ ಕೇಳಿಸಿಕೊಳ್ಳುತ್ತಾರೆ. ಗುಟ್ಟಾಗಿರಬೇಕಾದ ಸಂಖ್ಯೆ ಇಡೀ ಅಂಗಡಿಯ ಬಾಯಲ್ಲಿ ಹರಿದಾಡಿತು, ಕೆಲಸವೂ ಆಯಿತು. ಅಲ್ಲಿದ್ದ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ, ಕಾಣಬೇಕಾಗಿಯೂ ಇಲ್ಲ. ಒಬ್ಬರಿಗೊಂದು ಫೋನು, ಆ ಫೋನು ಅವರ ಕೈಯಲ್ಲೇ ಎಂದು ನಂಬಿ ಕಟ್ಟಿದ ವ್ಯವಸ್ಥೆ ಅದು. ಇಲ್ಲಿ ಫೋನು ಇಡೀ ಮನೆಯದು, ಎಷ್ಟೋ ಸಲ ಅದು ಬೇರೆ ರಾಜ್ಯದಲ್ಲಿರುತ್ತದೆ.

ಈ ನಂಬಿಕೆ ಎಷ್ಟು ತೆಳು ಎಂಬುದನ್ನು ಇದೇ ಜಿಲ್ಲೆಯ ಆಳಂದ ದೇಶಕ್ಕೇ ತೋರಿಸಿತು. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಈ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು ಆನ್‌ಲೈನಿನಲ್ಲಿ 6,018 ಅರ್ಜಿ ಬಂದವು. ಅಧಿಕಾರಿಗಳು ಮನೆಮನೆ ವಿಚಾರಿಸಿ ನೋಡಿದಾಗ ಸರಿಯಿದ್ದದ್ದು 24 ಮಾತ್ರ. ಯಾರ ಹೆಸರಿನಲ್ಲಿ ಅರ್ಜಿ ಹೋಗಿತ್ತೋ ಅವರಿಗೇ ಅದು ಗೊತ್ತಿರದ ಸಂಗತಿಯೂ ಹೊರಬಂತು. ಪ್ರಕರಣ ದಾಖಲಾಯಿತು. ಯಾರು ಮಾಡಿದರು ಎಂಬುದು ತನಿಖೆಯವರ ಕೆಲಸ. ನನ್ನ ಮನಸ್ಸು ನಿಲ್ಲುವುದು ಬೇರೆಡೆ. ಕಟ್ಟೆಯ ಮೇಲೆ ಕೂತ ನೆರೆಹೊರೆಯವರನ್ನು ಕೇಳಿ, ಕದ ತಟ್ಟಿ ಖಾತ್ರಿ ಮಾಡಿಕೊಂಡವರು ಪಟ್ಟಿಯನ್ನು ಉಳಿಸಿದರು, ಫೋನಿಗೆ ಬರುವ ಓಟಿಪಿ ಉಳಿಸಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಚುನಾವಣಾ ಆಯೋಗ ಇಂಥ ಅರ್ಜಿಗಳಿಗೆ ಆಧಾರ್ ಆಧರಿಸಿದ ಇ-ಸಹಿಯನ್ನು ತಂದಿತು. ಅದು ಒಳ್ಳೆಯದೇ, ಆದರೆ ಅದೂ ನಿಂತಿರುವುದು ಆಧಾರಿಗೆ ಜೋಡಿಸಿದ ಫೋನಿನ ನಂಬರಿನ ಮೇಲೆ.

ಇದಕ್ಕೆ ಉತ್ತರ ಹುಡುಕಬಲ್ಲ ಜಾಗವೂ ದೂರವಿಲ್ಲ. ಕಲಬುರಗಿಯಿಂದ ಆಳಂದಕ್ಕೆ ಹೋಗುವ ರಸ್ತೆಯಲ್ಲಿ ಕಡಗಂಚಿ ಸಿಗುತ್ತದೆ. ತೊಗರಿ ಹೊಲಗಳ ನಡುವೆ ಇದ್ದಕ್ಕಿದ್ದಂತೆ ದೊಡ್ಡ ಕಟ್ಟಡಗಳು ಏಳುತ್ತವೆ, ಬಿಸಿಲಿಗೆ ಕಿಟಕಿ ಗಾಜು ಥಳಥಳಿಸುತ್ತವೆ. 2009ರಲ್ಲಿ ಹುಟ್ಟಿದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇದೇ. ಗಣಿತವೂ ಕಂಪ್ಯೂಟರ್ ವಿಜ್ಞಾನವೂ ಇಲ್ಲಿ ಪಾಠವಾಗುತ್ತವೆ. ಇದೇ ಜಿಲ್ಲೆಯ ಮಳಖೇಡದಿಂದ ಆಳಿದ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಾಗಿ ಆರಿಸಬಹುದು ಎಂಬುದಕ್ಕೆ ಸಾಮಾನ್ಯ ಸೂತ್ರ ಕೊಟ್ಟವನು ಅವನು. ಒಂದು ಕೀಲಿಯನ್ನು ಊಹಿಸುವುದು ಎಷ್ಟು ಕಷ್ಟ ಎಂದು ಅಳೆಯುವಾಗ ಇವತ್ತೂ ಶುರುವಾಗುವುದು ಇಂಥ ಎಣಿಕೆಯಿಂದಲೇ.

ಕಡಗಂಚಿಯಲ್ಲಿ ಹೊಲವಿದೆ, ಬೆಂಗಳೂರಿನಲ್ಲಿ ಪಳಗಿದ ಕೈಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ಅರ್ಪಿತಾ ಪಾತ್ರಾ, ಐಐಐಟಿಯ ಆಶಿಶ್ ಚೌಧರಿ ಅವರಂಥವರು ವರ್ಷಗಳಿಂದ ದುಡಿಯುತ್ತಿರುವುದು ತಮ್ಮ ತಮ್ಮ ಗುಟ್ಟು ಬಿಟ್ಟುಕೊಡದೆ ಹಲವರು ಕೂಡಿ ಮಾಡುವ ಗೂಢ ಲೆಕ್ಕದ ಮೇಲೆ. ಇದರ ಬುಡದಲ್ಲಿರುವ ವಿಚಾರವನ್ನು 1979ರಲ್ಲಿ ಆದಿ ಶಮೀರ್ ಬರೆದರು: ಒಂದು ಗುಟ್ಟನ್ನು ತುಣುಕು ಮಾಡಿ ಹಂಚಿದರೆ, ಗೊತ್ತುಮಾಡಿದಷ್ಟು ಜನ ಕೂಡಿದಾಗ ಮಾತ್ರ ಅದು ತೆರೆಯುತ್ತದೆ, ಒಂದು ಕಡಿಮೆಯಾದರೂ ಏನೂ ತಿಳಿಯದು. ಪಂಚರ ಎದುರಿಗೆ, ಬೇರೆಬೇರೆಯವರ ಬಳಿಯ ಬೀಗದ ಕೈ ತಂದು ಗುಡಿಯ ಹುಂಡಿ ತೆಗೆದಂತೆ. ಮನೆಯ ಇಬ್ಬರು, ಊರಿನ ಒಬ್ಬ ಸಾಕ್ಷಿ ಕೂಡಿದರೆ ಸಾಲಿನಲ್ಲಿ ನಿಂತ ಆ ಮುದುಕಿಯ ಗುರುತು ಸಾಬೀತಾಗುವಂತೆ ಮಾಡಲು ಆದೀತೇ? ಆಳಂದದಿಂದ ಪುಣೆಗೆ ಹೋದವರು ಅಲ್ಲಿಯೂ ರೇಶನ್ ಪಡೆಯಬಹುದು. ಎರಡು ರಾಜ್ಯಗಳು ತಮ್ಮ ಪಟ್ಟಿಯನ್ನು ಒಂದಕ್ಕೊಂದು ತೋರಿಸದೆಯೇ, ಎರಡರಲ್ಲೂ ಇರುವ ಹೆಸರಷ್ಟೇ ಹೊರಬರುವಂತೆ ತಾಳೆ ನೋಡಲು ಆದೀತೇ? ಎರಡನೆಯದರ ಗಣಿತ ಸಿದ್ಧವಿದೆ. ಮೊದಲನೆಯದು ಕಷ್ಟ, ಏಕೆಂದರೆ ಸಾಕ್ಷಿಯೇ ದಬ್ಬಾಳಿಕೆಯವನಾದರೆ ಏನು ಗತಿ ಎಂಬುದನ್ನು ಊರಲ್ಲಿದ್ದವರೇ ಹೇಳಬೇಕು. ಅದಕ್ಕೇ ಇಂಥ ಸಂಶೋಧನೆಯಲ್ಲಿ ರೇಶನ್ ಅಂಗಡಿಯವನಿಗೂ ಒಂದು ಕುರ್ಚಿ ಬೇಕು.

ಕ್ವಾಂಟಮ್ ಕಂಪ್ಯೂಟರಿನ ಮಾತೂ ಇಲ್ಲಿಗೆ ದೂರದ್ದಲ್ಲ. ಅಂಥ ಯಂತ್ರ ಕೈಗೂಡಿದರೆ ಆರ್‌ಎಸ್‌ಎ ಒಡೆಯುತ್ತದೆ ಎಂದು ಪೀಟರ್ ಶೋರ್ 1994ರಲ್ಲೇ ತೋರಿಸಿದ್ದರು. ಕೇಂದ್ರ ಸರ್ಕಾರ 2023ರಲ್ಲಿ ರಾಷ್ಟ್ರೀಯ ಕ್ವಾಂಟಮ್ ಮಿಷನ್ನಿಗೆ 6,003.65 ಕೋಟಿ ರೂಪಾಯಿ ಎತ್ತಿಟ್ಟಿತು. 2024ರ ಆಗಸ್ಟಿನಲ್ಲಿ ಅಮೆರಿಕದ ಮಾನಕ ಸಂಸ್ಥೆ ಕ್ವಾಂಟಮ್ಮಿಗೂ ಜಗ್ಗದ ಮೂರು ಹೊಸ ಪದ್ಧತಿಗಳನ್ನು ಪ್ರಕಟಿಸಿತು. ಹಳೆಯ ಆರ್‌ಎಸ್‌ಎ ಸಹಿ 256 ಬೈಟು. ಹೊಸದರಲ್ಲಿ ಎಂಎಲ್-ಡಿಎಸ್‌ಎ ಎಂಬುದರ ಅತಿ ಚಿಕ್ಕ ಸಹಿಯೇ 2,420 ಬೈಟು. ಕಾಗದ ಅಸಲಿ ಎಂದು ತೋರಿಸುವ ಇಂಥ ಸಹಿಯನ್ನು ಅದರ ಮೇಲೆಯೇ ಅಚ್ಚು ಹಾಕಬೇಕೆಂದರೆ, ಒಂದು ಕ್ಯೂಆರ್ ಚೌಕದಲ್ಲಿ ತುಂಬಬಹುದಾದದ್ದು ಹೆಚ್ಚೆಂದರೆ 2,953 ಬೈಟು. ರೈತ ಪಹಣಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾನೆ, ಬೆವರಿಗೆ ಮಸಿ ಹರಡುತ್ತದೆ, ಮಡಿಕೆಯ ಮೇಲೆ ಕಾಗದ ಹರಿಯುತ್ತದೆ. ಅಷ್ಟು ದಟ್ಟ ಚುಕ್ಕಿಗಳ ಚೌಕವನ್ನು ಆಮೇಲೆ ಯಾವ ಫೋನಿನ ಕ್ಯಾಮೆರಾ ಓದೀತು? ಫಾಲ್ಕನ್ ಎಂಬ ಇನ್ನೊಂದು ಪದ್ಧತಿಯ ಸಹಿ 666 ಬೈಟಿಗೇ ಮುಗಿಯುತ್ತದೆ, ಆದರೆ ಅದನ್ನು ತಪ್ಪಿಲ್ಲದೆ ಬರೆದು ಇಳಿಸುವುದು ಕಠಿಣ. ಕಡಗಂಚಿಯ ಒಬ್ಬ ವಿದ್ಯಾರ್ಥಿ, ಬೆಂಗಳೂರಿನ ಒಬ್ಬ ಮಾರ್ಗದರ್ಶಿ, ಅಫಜಲಪುರದ ಒಂದು ಆನ್‌ಲೈನ್ ಅಂಗಡಿ ಕೂಡಿಕೊಂಡರೆ, ಮಾಸಿದ ಪಹಣಿಗಳನ್ನು ಗುಡ್ಡೆ ಹಾಕಿಕೊಂಡು ಈ ಪರೀಕ್ಷೆಯನ್ನು ಈ ಸುಗ್ಗಿಯಲ್ಲೇ ಶುರುಮಾಡಬಹುದು.