ಟೆಕ್‌ನ ಒಡಲಲ್ಲಿ ಲುವಾ

ವರ್ಗಮೂಲದ ಚಿಹ್ನೆಯನ್ನು ಟೆಕ್‌ನಷ್ಟು ಅಂದವಾಗಿ ಪುಟಕ್ಕಿಳಿಸುವ ಅಕ್ಷರಜೋಡಣೆಯ ತಂತ್ರಾಂಶ ನನಗೆ ಇನ್ನೊಂದು ಕಂಡಿಲ್ಲ. ಆದರೆ ಎರಡರ ವರ್ಗಮೂಲ ಎಷ್ಟು ಎಂದು ಅದನ್ನೇ ಕೇಳಿದರೆ ಉತ್ತರ ಬರುವುದಿಲ್ಲ. ಕೂಡಿಸುವುದು, ಗುಣಿಸುವುದು, ಶೇಷವನ್ನು ಕೈಬಿಟ್ಟು ಭಾಗಿಸುವುದು, ಟೆಕ್‌ಗೆ ಹುಟ್ಟಿನಿಂದ ಬಂದ ಲೆಕ್ಕ ಇಷ್ಟೇ. ಮುಂದಕ್ಕೆ ಹೋಗಬೇಕೆಂದರೆ ಮ್ಯಾಕ್ರೋದ, ಅಂದರೆ ನಾವೇ ಕಟ್ಟಿಕೊಂಡ ಆಜ್ಞೆಯ, ಮೇಲೆ ಮ್ಯಾಕ್ರೋ ಪೇರಿಸುತ್ತ ಹೋಗಬೇಕು. ಹಾಗೆ ಪೇರಿಸಿ ತ್ರಿಕೋನಮಿತಿಯ ಕೋಷ್ಟಕಗಳನ್ನೂ ಮಾಡಿದವರಿದ್ದಾರೆ. ಅವರ ಜಾಣ್ಮೆ ಕಂಡು ಬೆರಗಾಗುತ್ತದೆ, ಅವರು ಪಟ್ಟ ಪಾಡು ಕಂಡು ಮರುಕವೂ ಆಗುತ್ತದೆ.

ಈ ಬಡತನವನ್ನು ಟೆಕ್ ಕಟ್ಟಿದ ಡೊನಾಲ್ಡ್ ಕ್ನೂತ್ ತಿಳಿದೇ ಆರಿಸಿಕೊಂಡರು. ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಎರಡನೆಯ ಸಂಪುಟದ ಹೊಸ ಆವೃತ್ತಿಯ ಗ್ಯಾಲಿ ಪ್ರೂಫ್ 1977ರಲ್ಲಿ ಅವರ ಕೈಗೆ ಬಂತು. ಫೋಟೊ ವಿಧಾನದಲ್ಲಿ ಜೋಡಿಸಿದ ಆ ಪುಟಗಳು ಹಿಂದಿನ ಮೊಳೆಯಚ್ಚಿನ ಪುಟಗಳ ಹತ್ತಿರಕ್ಕೂ ಬರುವಂತಿರಲಿಲ್ಲ. ಸ್ಟ್ಯಾನ್‌ಫರ್ಡ್‌ನ ಆ ಪ್ರಾಧ್ಯಾಪಕರು ತಮ್ಮದೇ ವ್ಯವಸ್ಥೆ ಕಟ್ಟಲು ಕೂತರು. ಒಂದೇ ಕಡತವನ್ನು ಯಾವ ಯಂತ್ರಕ್ಕೆ ಕೊಟ್ಟರೂ, ಯಾವ ವರ್ಷದಲ್ಲಿ ಕೊಟ್ಟರೂ ಸಾಲುಗಳು ಅದೇ ಜಾಗದಲ್ಲೇ ಮುರಿಯಬೇಕು ಎಂಬುದು ಅವರ ಹಟ. ಅಂದಿನ ಕಂಪ್ಯೂಟರ್‌ಗಳು ದಶಮಾಂಶದ ಲೆಕ್ಕವನ್ನು ಒಂದೊಂದೂ ಒಂದೊಂದು ರೀತಿ ಮಾಡುತ್ತಿದ್ದವು. ಅದಕ್ಕೊಂದು ಸಾಮಾನ್ಯ ಮಾನಕ ಬಂದದ್ದೇ 1985ರಲ್ಲಿ. ಹಾಗಾಗಿ ಸಾಲು ಎಲ್ಲಿ ಮುರಿಯಬೇಕು ಎಂಬುದನ್ನು ತೀರ್ಮಾನಿಸುವ ಎಲ್ಲ ಅಳತೆಗಳನ್ನೂ ಕ್ನೂತ್ ಪೂರ್ಣಾಂಕಗಳಲ್ಲೇ ಇಟ್ಟರು. ಒಂದು ಪಾಯಿಂಟ್ ಅಂದರೆ 65,536 ಕಿರು ಅಳತೆಗಳು. ಆ ಕಿರು ಅಳತೆ ಎಷ್ಟು ಸಣ್ಣದೆಂದರೆ, ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದಕ್ಕೆ ಅಂಥವು ಸುಮಾರು ನೂರು ಬೇಕು.

1990ರ ಹೊತ್ತಿಗೆ ಟೆಕ್ ಮುಗಿಯಿತು ಎಂದು ಕ್ನೂತ್ ಸಾರಿದರು. ಅಲ್ಲಿಂದೀಚೆಗೆ ತಪ್ಪು ತಿದ್ದುವುದು ಮಾತ್ರ. ಪ್ರತಿ ತಿದ್ದುಪಡಿಗೂ ಆವೃತ್ತಿಯ ಸಂಖ್ಯೆ ಪೈಯ ಕಡೆಗೆ ಒಂದು ಅಂಕಿ ಬೆಳೆಯುತ್ತದೆ. ಹೊಸದು ಬೇಕಾದವರು ಬೇರೆ ಹೆಸರಿನಲ್ಲಿ ಬೇರೆ ಯಂತ್ರ ಕಟ್ಟಿಕೊಳ್ಳಬೇಕಾಯಿತು. ಚೆಕ್ ದೇಶದ ಬ್ರನೋದಲ್ಲಿ ಹಾನ್ ಥೆ ಥಾನ್ ಪಿಡಿಎಫ್‌ಟೆಕ್ ಕಟ್ಟಿದರು. ಜೊನಾಥನ್ ಕ್ಯೂ 2004ರಲ್ಲಿ ಜೀಟೆಕ್ ಕೊಟ್ಟರು. ಇವೆರಡೂ ಟೆಕ್‌ಗೆ ಹೊಸ ಶಕ್ತಿಗಳನ್ನು ಸೇರಿಸಿದವು, ನಿಜ. ಆದರೆ ಯಾವ ಶಕ್ತಿ ಬೇಕೆಂದು ತೀರ್ಮಾನಿಸಿದವರು ಕಟ್ಟಿದವರೇ. ಲುವಾಟೆಕ್‌ನ ದಾರಿ ಬೇರೆ. ಅದು ಟೆಕ್‌ನ ಒಳಗೇ ಒಂದು ಪೂರ್ಣ ಪ್ರೋಗ್ರಾಮಿಂಗ್ ಭಾಷೆಯನ್ನು ಕೂರಿಸಿ, ಉಳಿದದ್ದನ್ನು ಬಳಸುವವರ ಕೈಗೇ ಒಪ್ಪಿಸಿತು.

ಆ ಭಾಷೆ ಲುವಾ. ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ರೊಬೆರ್ಟೊ ಯೆರುಸಲಿಮ್ಸ್ಕಿ, ಲುಯಿಜ್ ಹೆನ್ರಿಕ್ ಡಿ ಫಿಗೆರೆಡೊ, ವಾಲ್ಡೆಮಾರ್ ಸೆಲೆಸ್ ಸೇರಿ ರೂಪಿಸಿದ್ದು. ಅದರ ಇಡೀ ಮೂಲಸಂಕೇತ ಒಂದು ಎಂಬಿಯನ್ನೂ ತುಂಬುವುದಿಲ್ಲ. ಇನ್ನೊಂದು ತಂತ್ರಾಂಶದೊಳಗೆ ಕೂತು ಕೆಲಸ ಮಾಡಲೆಂದೇ ಹುಟ್ಟಿದ ಭಾಷೆ ಇದು. ಕಂಪ್ಯೂಟರ್ ಆಟಗಳಲ್ಲಿ, ಛಾಯಾಗ್ರಾಹಕರು ಬಳಸುವ ಲೈಟ್‌ರೂಮ್‌ನಲ್ಲಿ ಇದೇ ಇದೆ. ಕನ್ನಡ ವಿಕಿಪೀಡಿಯದ ಎಷ್ಟೋ ಟೆಂಪ್ಲೇಟುಗಳ ಹಿಂದೆ ದುಡಿಯುವುದೂ ಲುವಾ ಮಾಡ್ಯೂಲ್‌ಗಳೇ. ನೆದರ್‌ಲೆಂಡ್ಸ್‌ನ ಹಾನ್ಸ್ ಹಾಗೆನ್ ಬಳಸುತ್ತಿದ್ದ ಪಠ್ಯ ಸಂಪಾದಕದಲ್ಲಿ ಲುವಾ ಅಡಕವಾಗಿತ್ತು. ಇದು ಟೆಕ್‌ನಲ್ಲೂ ಇದ್ದರೆ ಹೇಗೆ ಎಂಬ ಯೋಚನೆ ಅಲ್ಲಿಂದ ಮೊಳೆಯಿತು. ಟಾಕೊ ಹುಕ್‌ವಾಟರ್, ಹಾರ್ಟ್‌ಮುಟ್ ಹೆಂಕೆಲ್ ಕೈಜೋಡಿಸಿದರು. ಅರಬ್ಬೀ ಲಿಪಿಯ ಸೊಗಸನ್ನು ಪುಟದಲ್ಲಿ ಉಳಿಸಿಕೊಳ್ಳಬೇಕೆಂಬ ಇದ್ರಿಸ್ ಸಮಾವಿ ಹಮೀದ್ ಅವರ ಯೋಜನೆಯ ಮೂಲಕ ಅಮೆರಿಕದ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದ ನೆರವೂ ಬಂತು. 1.0 ಆವೃತ್ತಿ ಹೊರಬಂದದ್ದು 2016ರಲ್ಲಿ. ರೋಮನ್ ಅಲ್ಲದ ಲಿಪಿಯೊಂದರ ಅಗತ್ಯ ಈ ಕೆಲಸದ ಬೆನ್ನಿಗಿತ್ತು ಎಂಬುದು ಕನ್ನಡದವನಾದ ನನಗೆ ಮುಖ್ಯವಾಗಿ ಕಾಣುತ್ತದೆ.

ಲುವಾವನ್ನು ಕರೆಯುವ ಆಜ್ಞೆಯ ಹೆಸರು ‘ಡೈರೆಕ್ಟ್‌ಲುವಾ’. ಅದರ ಮುಂದಿನ ಪುಷ್ಪಾವರಣದೊಳಗೆ ಲುವಾ ಸಂಕೇತ ಬರೆದರೆ ಅದು ಅಲ್ಲೇ ನಡೆಯುತ್ತದೆ. ಫಲಿತಾಂಶವನ್ನು ‘ಟೆಕ್.ಪ್ರಿಂಟ್’ ಎಂಬ ಫಂಕ್ಷನ್‌ಗೆ ಕೊಟ್ಟರೆ, ಆ ಉತ್ತರವನ್ನು ಕಡತದಲ್ಲಿ ನಾವೇ ಟೈಪ್ ಮಾಡಿದ್ದೆವೋ ಎಂಬಂತೆ ಟೆಕ್ ಓದಿಕೊಳ್ಳುತ್ತದೆ. ಎರಡರ ವರ್ಗಮೂಲ ಈಗ ಒಂದೇ ಸಾಲಿನ ಕೆಲಸ. ಪುಟಸಂಖ್ಯೆಯನ್ನು ಕನ್ನಡ ಅಂಕಿಗಳಲ್ಲಿ ಬರೆಸಬೇಕೇ? ಯುನಿಕೋಡ್‌ನಲ್ಲಿ ನಮ್ಮ ಸೊನ್ನೆಯ ಸ್ಥಾನ 3302. ಪ್ರತಿ ಅಂಕಿಗೂ ಅಷ್ಟನ್ನು ಕೂಡಿಸಿ, ಬಂದ ಅಕ್ಷರವನ್ನು ಟೆಕ್‌ಗೆ ಹಿಂದಿರುಗಿಸಿದರೆ ಮುಗಿಯಿತು.

ಇಷ್ಟು ಸಲೀಸಾಗಿ ಕಾಣುವ ಜಾಗದಲ್ಲೇ ಹೊಸಬರು ಎಡವುತ್ತಾರೆ. ಪುಷ್ಪಾವರಣದೊಳಗಿನ ಬರಹವನ್ನು ಮೊದಲು ಓದುವುದು ಟೆಕ್. ತನ್ನ ಮ್ಯಾಕ್ರೋಗಳನ್ನೆಲ್ಲ ಬಿಡಿಸಿ, ಉಳಿದದ್ದನ್ನಷ್ಟೇ ಅದು ಲುವಾಕ್ಕೆ ದಾಟಿಸುತ್ತದೆ. ಸಂಖ್ಯೆಗಳನ್ನು ಹೊಂದಿಸಿ ಬರೆಯಲು ಲುವಾಕ್ಕೆ ಶೇಕಡಾ ಚಿಹ್ನೆ ಬೇಕು. ಟೆಕ್‌ಗೆ ಆ ಚಿಹ್ನೆ ಟಿಪ್ಪಣಿಯ ಆರಂಭ, ಆದ್ದರಿಂದ ಸಾಲಿನ ಉಳಿದ ಭಾಗವನ್ನು ಅದು ಎಸೆದುಬಿಡುತ್ತದೆ. ಅರ್ಧ ಸಾಲು ಸಿಕ್ಕ ಲುವಾ ಗೊಂದಲಪಟ್ಟು ದೂರುತ್ತದೆ. ಬ್ಯಾಕ್‌ಸ್ಲ್ಯಾಶ್‌ನದೂ ಅದೇ ಕತೆ, ಅದು ಕಂಡೊಡನೆ ಟೆಕ್ ತನ್ನ ಆಜ್ಞೆಯೊಂದನ್ನು ಹುಡುಕತೊಡಗುತ್ತದೆ. ಎಲ್ಲಕ್ಕಿಂತ ಕಣ್ತಪ್ಪಿಸುವುದು ಸಾಲಿನ ಕೊನೆ. ಟೆಕ್ ಅದನ್ನು ಬರಿಯ ಖಾಲಿ ಜಾಗವಾಗಿ ಬದಲಿಸುತ್ತದೆ. ಹಾಗಾಗಿ ಲುವಾದ ರೀತಿಯಲ್ಲಿ ಎರಡು ಅಡ್ಡಗೆರೆ ಎಳೆದು ಟಿಪ್ಪಣಿ ಬರೆದರೆ, ಅದರ ನಂತರದ ಎಲ್ಲ ಸಾಲುಗಳೂ ಆ ಟಿಪ್ಪಣಿಯ ಪಾಲಾಗುತ್ತವೆ. ಮಾನ್ಯುಯೆಲ್ ಪೆಗುರಿಯೆ-ಗೊನಾರ್ ಬರೆದ ‘ಲುವಾಕೋಡ್’ ಪ್ಯಾಕೇಜ್ ಈ ಕಾಟವನ್ನು ಬಹುಮಟ್ಟಿಗೆ ತಪ್ಪಿಸುತ್ತದೆ. ಸಂಕೇತ ನಾಲ್ಕು ಸಾಲು ಮೀರಿದರೆ ಅದನ್ನು ಪ್ರತ್ಯೇಕ ಲುವಾ ಕಡತದಲ್ಲಿಟ್ಟು ಕರೆಯುವುದೇ ಸರಿಯಾದ ಕ್ರಮ.

ಲೆಕ್ಕದ ಉತ್ತರವೂ ಕೆಲವೊಮ್ಮೆ ಕೈಕೊಡುತ್ತದೆ. ಲುವಾ 5.3ರಲ್ಲಿ ಹತ್ತನ್ನು ಎರಡರಿಂದ ಭಾಗಿಸಿದರೆ 5.0 ಎಂದು ಬರುತ್ತದೆ. ಪೂರ್ಣಾಂಕ ಮಾತ್ರ ಹಿಡಿಯುವ ಟೆಕ್‌ನ ಎಣಿಕೆಪೆಟ್ಟಿಗೆಗೆ ಇದನ್ನು ಕೊಟ್ಟರೆ ಅದು ಐದನ್ನು ಒಳಗಿಟ್ಟುಕೊಂಡು, ಮಿಕ್ಕ ಚುಕ್ಕೆಯನ್ನೂ ಸೊನ್ನೆಯನ್ನೂ ಪುಟದ ಮೇಲೆ ಅಚ್ಚು ಹಾಕುತ್ತದೆ. ಪುಸ್ತಕದ ನಟ್ಟನಡುವೆ ಕಾರಣವಿಲ್ಲದೆ ಚುಕ್ಕೆ ಸೊನ್ನೆ ಕಂಡರೆ ಇಂಥದ್ದೇನೋ ನಡೆದಿದೆ ಎಂದೇ ತಿಳಿಯಬೇಕು.

ಇದಕ್ಕಿಂತ ಆಳವಾದದ್ದು ಹೊತ್ತಿನ ಪ್ರಶ್ನೆ. ಟೆಕ್.ಪ್ರಿಂಟ್‌ಗೆ ಕೊಟ್ಟದ್ದನ್ನು ಟೆಕ್ ಆ ಕ್ಷಣವೇ ಓದುವುದಿಲ್ಲ. ಅಂಚೆಪೆಟ್ಟಿಗೆಗೆ ಹಾಕಿದ ಕಾಗದ ಅಂಚೆಯವ ಬರುವ ತನಕ ಅಲ್ಲೇ ಇರುವಂತೆ, ಲುವಾದ ತುಣುಕು ಪೂರ್ತಿ ಮುಗಿಯುವ ತನಕ ಅದು ಕಾದಿರುತ್ತದೆ. ಲುವಾದಲ್ಲಿ ‘ಈ ಪದವನ್ನು ಒಂದು ಪೆಟ್ಟಿಗೆಯಲ್ಲಿ ಜೋಡಿಸು’ ಎಂದು ಬರೆದು, ಮರುಸಾಲಿನಲ್ಲೇ ‘ಆ ಪೆಟ್ಟಿಗೆಯ ಅಗಲವೆಷ್ಟು’ ಎಂದು ಕೇಳಿದರೆ ಹಳೆಯ ಅಗಲವೇ ಸಿಗುತ್ತದೆ. ಜೋಡಿಸುವ ಮಾತು ಟೆಕ್‌ನ ಕಿವಿಗೆ ಇನ್ನೂ ಬಿದ್ದಿಲ್ಲವಲ್ಲ. ಕರೆಯನ್ನು ಎರಡಾಗಿ ಒಡೆದರೆ ಸರಿಹೋಗುತ್ತದೆ. ಯಾವ ಮಾತು ಯಾವ ಹೊತ್ತಿಗೆ ಯಾರಿಗೆ ತಲುಪುತ್ತದೆ ಎಂಬುದು ಮನಸ್ಸಿನಲ್ಲಿ ಕೂತ ಮೇಲೆ ಲುವಾಟೆಕ್‌ನ ಒಗಟುಗಳಲ್ಲಿ ಹೆಚ್ಚಿನವು ತಾವೇ ಬಿಡಿಸಿಕೊಳ್ಳುತ್ತವೆ.

ಲೆಕ್ಕ ಮಾಡಿಸಲು ಇಷ್ಟೆಲ್ಲ ಬೇಕಿರಲಿಲ್ಲ. ಹೊರಗಿನ ಪರ್ಲ್ ಅನ್ನೋ ಪೈಥಾನ್ ಅನ್ನೋ ಕರೆದು ಉತ್ತರ ತರಿಸುವ ಉಪಾಯಗಳು ಇದ್ದೇ ಇವೆ. ಲುವಾಟೆಕ್‌ನ ನಿಜವಾದ ಕೊಡುಗೆ ಅದರ ಕಾಲ್‌ಬ್ಯಾಕ್‌ಗಳು. ಒಂದು ಪ್ಯಾರಾ ಪುಟಕ್ಕೆ ಬರುವ ಮುನ್ನ ಹಲವು ಹಂತ ದಾಟುತ್ತದೆ. ಕಡತದ ಸಾಲನ್ನು ಓದುವುದು, ಪದ ಒಡೆಯಬಹುದಾದ ಜಾಗ ಗುರುತಿಸುವುದು, ಅಕ್ಷರಗಳನ್ನು ಕೂಡಿಸುವುದು, ಸಾಲು ಮುರಿಯುವುದು, ಇವೆಲ್ಲ ಕ್ನೂತ್ ಅವರ ಟೆಕ್‌ನಲ್ಲಿ ಮುಚ್ಚಿದ ಕೋಣೆಯೊಳಗೆ ನಡೆಯುತ್ತಿದ್ದವು. ಲುವಾಟೆಕ್ ಪ್ರತಿ ಹಂತದಲ್ಲೂ ನಿಂತು, ‘ನೀನೇನಾದರೂ ಮಾಡುವುದಿದೆಯೇ’ ಎಂದು ನಮ್ಮನ್ನು ಕೇಳುತ್ತದೆ. ಕೈಗೆ ಕೊಡುವುದು ನೋಡ್‌ಗಳ ಒಂದು ಸರಣಿ. ಒಂದೊಂದು ಅಕ್ಷರರೂಪವೂ, ಹಿಗ್ಗಿ ಕುಗ್ಗುವ ಪ್ರತಿ ಖಾಲಿ ಜಾಗವೂ ತನ್ನ ಅಗಲ, ಎತ್ತರ, ಆಳಗಳೊಂದಿಗೆ ಒಂದರ ಬೆನ್ನಿಗೆ ಒಂದು ಕಾದು ನಿಂತಿರುತ್ತದೆ. ತೆಗೆಯಬಹುದು, ಸೇರಿಸಬಹುದು, ಸರಿಸಬಹುದು. ಸಾಲು ಮುರಿಯುವ ಕ್ನೂತ್ ಅವರ ವಿಧಾನವೇ ಬೇಕೆಂದರೆ ಅದು ಅಲ್ಲೇ ಇದೆ. ಮುಟ್ಟದವರಿಗೆ ಅದೇ ಹಳೆಯ ಸೊಗಸು, ಮುಟ್ಟಬಯಸುವವರಿಗೆ ಪೂರ್ಣ ಅಧಿಕಾರ. ಇಂಥ ಔದಾರ್ಯವನ್ನು ತಂತ್ರಾಂಶದ ಲೋಕದಲ್ಲಿ ನಾನು ಹೆಚ್ಚು ಕಂಡಿಲ್ಲ.

ಜರ್ಮನ್‌ನಲ್ಲಿ ಎರಡು ಪದ ಸೇರುವ ಗಡಿಯಲ್ಲಿ ಎಫ್ ಮತ್ತು ಎಲ್ ಅಕ್ಷರಗಳನ್ನು ಬೆಸೆಯಬಾರದು. ‘ಸೆಲ್‌ನೊಲಿಗ್’ ಎಂಬ ಪ್ಯಾಕೇಜ್ ಅಂಥ ಪದಗಳನ್ನು ಗುರುತಿಸಿ ಬೆಸುಗೆ ಬಿಡಿಸುತ್ತದೆ. ಪ್ಯಾರಾದ ಕೊನೆಯ ಒಂದೇ ಸಾಲು ಮುಂದಿನ ಪುಟದ ತಲೆಯಲ್ಲಿ ಒಂಟಿಯಾಗಿ ಬೀಳುವುದು ಪುಸ್ತಕ ಕಟ್ಟುವವರಿಗೆಲ್ಲ ಹಳೆಯ ತಲೆನೋವು. ‘ಲುವಾ-ವಿಡೋ-ಕಂಟ್ರೋಲ್’ ಪ್ಯಾಕೇಜ್ ಪ್ರತಿ ಪ್ಯಾರಾವನ್ನೂ ಸಹಜವಾಗಿ ಒಮ್ಮೆ, ಒಂದು ಸಾಲು ಹೆಚ್ಚಾಗುವಂತೆ ಇನ್ನೊಮ್ಮೆ ಮುರಿದು ಇಟ್ಟುಕೊಳ್ಳುತ್ತದೆ. ಒಂಟಿ ಸಾಲು ಬಿದ್ದಾಗ, ಆ ಪುಟದಲ್ಲಿ ಅಂದ ಕೆಡದಂತೆ ಹಿಗ್ಗಬಲ್ಲ ಪ್ಯಾರಾವನ್ನು ಹುಡುಕಿ ಅದರ ಎರಡನೆಯ ರೂಪವನ್ನು ಕೂರಿಸುತ್ತದೆ. ಅನುಭವಿ ಕಂಪೋಸಿಟರ್ ಒಬ್ಬರು ಕಣ್ಣಳತೆಯಲ್ಲಿ ಮಾಡುತ್ತಿದ್ದ ಕೆಲಸವಿದು.

ಕನ್ನಡಕ್ಕೆ ಬಂದರೆ, ಲುವಾಟೆಕ್ ಶುರುವಿನಲ್ಲಿ ನಮ್ಮನ್ನು ಕಾಯಿಸಿತು. ‘ಸೂರ್ಯ’ ಎಂಬ ಪದ ಕಡತದಲ್ಲಿ ರಕಾರ ಮೊದಲು, ಯಕಾರ ಆಮೇಲೆ ಎಂಬ ಕ್ರಮದಲ್ಲಿರುತ್ತದೆ. ಪುಟದಲ್ಲಿ ಯಕಾರ ಮುಂದೆ, ಅರ್ಕಾವೊತ್ತು ಹಿಂದೆ. ಈ ಅದಲುಬದಲು, ಒತ್ತಕ್ಷರಗಳ ಜೋಡಣೆ ಯಾವುದನ್ನೂ ಲುವಾಟೆಕ್ ತಾನಾಗಿ ಮಾಡುತ್ತಿರಲಿಲ್ಲ, ಬೇಕಾದವರು ಲುವಾದಲ್ಲಿ ಬರೆದುಕೊಳ್ಳಲಿ ಎಂಬುದು ಅದರ ನಿಲುವು. ಟೆಕ್ ಮೇಲೆ ಕಟ್ಟಿದ ಮ್ಯಾಕ್ರೋಗಳ ಗಂಟಾದ ಲೇಟೆಕ್ ಬಳಸುವ ಕನ್ನಡಿಗರು ಬಹುಕಾಲ ಜೀಟೆಕ್‌ನ ಆಸರೆಯಲ್ಲೇ ಇದ್ದರು. ಕೊನೆಗೆ ಹಾರ್ಫ್‌ಬಝ್ ಎಂಬ ಲಿಪಿಜೋಡಣೆಯ ಗ್ರಂಥಾಲಯವನ್ನು ಲುವಾಟೆಕ್‌ಗೆ ಬೆಸೆದರು. ಖಾಲಿದ್ ಹೊಸ್ನಿ ಅವರ ಕೆಲಸ ಇದಕ್ಕೆ ಹಾದಿ ಮಾಡಿಕೊಟ್ಟಿತ್ತು. ಟೆಕ್ ತಂತ್ರಾಂಶಗಳ ವಿತರಣೆಯಾದ 2020ರ ಟೆಕ್ ಲೈವ್‌ನಿಂದ ಲುವಾಲೇಟೆಕ್ ಓಡುವುದು ಈ ಹೊಸ ಯಂತ್ರದ ಮೇಲೇ. ರೆಂಡರರ್ ಹಾರ್ಫ್‌ಬಝ್, ಲಿಪಿ ಕನ್ನಡ ಎಂದು ಹೇಳಿದರೆ ಒತ್ತುಗಳೆಲ್ಲ ತಮ್ಮ ಜಾಗದಲ್ಲಿ ಕೂರುತ್ತವೆ.

ನನಗೆ ಬಹಳ ಆಸೆ ಹುಟ್ಟಿಸಿರುವುದು ಅದರ ನಂತರದ ಹಂತ. ಎರಡು ಸಾಲುಗಳ ನಡುವಿನ ಅಂತರಕ್ಕೆ ಟೆಕ್‌ನ ನಿಯಮ ಸರಳವಾದದ್ದು: ನಿಗದಿತ ಅಂತರದಲ್ಲಿ ಮೇಲಿನ ಸಾಲಿನ ಆಳವನ್ನೂ ಕೆಳಗಿನ ಸಾಲಿನ ಎತ್ತರವನ್ನೂ ಕಳೆಯುವುದು, ಉಳಿದದ್ದು ತೀರಾ ಕಡಿಮೆಯಾದರೆ ಕೆಳಸಾಲನ್ನು ಇನ್ನಷ್ಟು ಕೆಳಕ್ಕೆ ತಳ್ಳುವುದು. ರೋಮನ್ ಲಿಪಿಗೆ ಇದು ಹೊಂದುತ್ತದೆ. ನಮ್ಮಲ್ಲಿ ‘ರಾಷ್ಟ್ರ’ ಎಂಬ ಒಂದೇ ಪದ ಇಡೀ ಸಾಲಿನ ಆಳವನ್ನು ಹಿಗ್ಗಿಸಿಬಿಡುತ್ತದೆ. ಕೆಳಸಾಲಿನಲ್ಲಿ ಮೇಲಕ್ಕೆ ಚಾಚಿದ ಗುಡಿಸು ಇದ್ದರೆ ಆ ಸಾಲು ಜಾರುತ್ತದೆ. ಅಂತರ ಬಿಗಿಯಾಗಿಟ್ಟ ಪುಟದಲ್ಲಿ ಒಂದು ಸಾಲು ಹತ್ತಿರ, ಇನ್ನೊಂದು ದೂರ ಕಾಣುವುದು ಇದರಿಂದಲೇ. ಎಷ್ಟೋ ಸಲ ಆ ಒತ್ತು ಸಾಲಿನ ಎಡತುದಿಯಲ್ಲಿದ್ದರೆ ಗುಡಿಸು ಬಲತುದಿಯಲ್ಲಿರುತ್ತದೆ, ಒಂದಕ್ಕೊಂದು ತಾಗುವ ಮಾತೇ ಇರುವುದಿಲ್ಲ. ಆದರೆ ಟೆಕ್‌ಗೆ ಗೊತ್ತಿರುವುದು ಇಡೀ ಸಾಲಿನ ಆಳ ಇಷ್ಟು ಎಂಬ ಒಂದೇ ಸಂಖ್ಯೆ. ಆಳ ಎಲ್ಲಿದೆ ಎಂಬುದು ಅದಕ್ಕೆ ಕಾಣದು.

ಲುವಾಕ್ಕೆ ಕಾಣುತ್ತದೆ. ಸಾಲು ಮುರಿದ ಮೇಲಿನ ಕಾಲ್‌ಬ್ಯಾಕ್‌ನಲ್ಲಿ ಪ್ಯಾರಾದ ಸಾಲುಗಳೂ ನಡುವಿನ ಅಂತರಗಳೂ ನೋಡ್‌ಗಳಾಗಿ ಸಿಗುತ್ತವೆ. ಪ್ರತಿ ಅಂತರವೂ ಯಾವ ನಿಯಮದಿಂದ ಬಂದದ್ದು, ನಿಗದಿಯದೋ ತಳ್ಳಿದ್ದೋ, ಎಂಬ ಗುರುತು ಅದರ ಮೇಲೇ ಇರುತ್ತದೆ. ತಳ್ಳಿದ ಅಂತರಗಳನ್ನಷ್ಟೇ ಆರಿಸಿ, ಅವುಗಳ ಮೇಲಿನ ಕೆಳಗಿನ ಸಾಲುಗಳಲ್ಲಿ ಎಡದಿಂದ ಅಗಲಗಳನ್ನು ಕೂಡಿಸುತ್ತ ಹೋದರೆ ಯಾವ ಒತ್ತಿನ ಕೆಳಗೆ ಯಾವ ಅಕ್ಷರವಿದೆ ಎಂದು ತಿಳಿಯುತ್ತದೆ. ತಾಗದಿದ್ದರೆ ಸಾಲನ್ನು ಅದರ ಜಾಗಕ್ಕೆ ಎತ್ತಬಹುದು. ಹಾಗೆನ್ ಅವರದೇ ಮ್ಯಾಕ್ರೋ ಗಂಟಾದ ಕಾನ್‌ಟೆಕ್ಸ್ಟ್‌ನಲ್ಲಿ ಸಾಲುಗಳ ಮೇಲು ಕೆಳಗಿನ ಅಂಚುಗಳನ್ನು ಹೀಗೆ ಹೋಲಿಸುವ ಸೌಲಭ್ಯ ಆಗಲೇ ಇದೆ. ಗಣಿತದ ಸೂತ್ರಗಳು ಬೆರೆತ ಪ್ಯಾರಾಗಳಿಗೆ ಅದು ಒದಗಿಬರುತ್ತದೆ. ಒತ್ತಕ್ಷರಗಳ ಲಿಪಿಗೆ ಇದರ ಅಗತ್ಯ ಪ್ರತಿ ಪುಟದಲ್ಲೂ ಇದೆ. ವೇಗದಲ್ಲಿ ಲುವಾಟೆಕ್ ಪಿಡಿಎಫ್‌ಟೆಕ್‌ಗಿಂತ ಹಿಂದೆ, ಇಂಥ ಕೆಲಸ ಹೇರಿದರೆ ಇನ್ನೂ ನಿಧಾನ. ಒಳ್ಳೆಯ ಪುಟಕ್ಕಾಗಿ ಆ ಹೊತ್ತನ್ನು ಕೊಡುವುದರಲ್ಲಿ ನಷ್ಟವೇನೂ ಇಲ್ಲ.

ಸಾಲಿನ ಕೊನೆಯಲ್ಲಿ ಪದ ಒಡೆಯುವ ವಿಷಯ ಇನ್ನೂ ನಾಜೂಕು. ಸಂತೋಷ್ ತೋಟ್ಟಿಂಗಲ್ ಸಿದ್ಧಪಡಿಸಿದ ಕನ್ನಡದ ಪದಭೇದನ ಮಾದರಿಗಳು ಟೆಕ್‌ನೊಂದಿಗೇ ಬರುತ್ತವೆ. ಒಡೆದಲ್ಲಿ ಅಡ್ಡಗೆರೆ ಬೇಡವೆಂದರೆ ಲುವಾಟೆಕ್‌ನಲ್ಲಿ ಒಂದು ಬೆಲೆಯನ್ನು ಸೊನ್ನೆ ಮಾಡಿದರೆ ಸಾಕು. ಆದರೆ ಆ ಮಾದರಿಗಳು ನೋಡುವುದು ಅಕ್ಷರದ ಗಡಿಯನ್ನು. ‘ಮಾಡಲಿಲ್ಲ’ ಎಂಬುದನ್ನು ‘ಮಾಡಲಿ’ ಎಂದು ಒಡೆದು ‘ಲ್ಲ’ ಒಂದನ್ನೇ ಕೆಳಕ್ಕೆ ಬಿಟ್ಟರೆ, ಓದುಗನ ಕಣ್ಣು ಮುಂದಿನ ಸಾಲಿಗೆ ಇಳಿಯುವ ತನಕ ಅರ್ಥವೇ ತಿರುವುಮುರುವಾಗಿರುತ್ತದೆ. ಪದ ಒಡೆಯುವ ಹಂತಕ್ಕೂ ಒಂದು ಕಾಲ್‌ಬ್ಯಾಕ್ ಇದೆ, ಇಂಥಲ್ಲಿ ಒಡೆಯಕೂಡದು ಎಂಬ ನಮ್ಮದೇ ಪಟ್ಟಿಯನ್ನು ಅಲ್ಲಿ ಕೊಡಬಹುದು. ಆ ಪಟ್ಟಿಯನ್ನು ಬರೆಯಬೇಕಾದವರು ಪ್ರೋಗ್ರಾಮರುಗಳಲ್ಲ, ಕನ್ನಡದ ಕರಡು ತಿದ್ದುತ್ತ ಕೈ ಪಳಗಿದವರು. ಅವರು ಕಾಗದದ ಮೇಲೆ ಬರೆದುಕೊಟ್ಟರೂ ಸಾಕು, ಅದನ್ನು ಲುವಾಕ್ಕೆ ಇಳಿಸುವುದು ಒಂದು ಮಧ್ಯಾಹ್ನದ ಕೆಲಸ.