ಬ್ಯಾಂಕಿಗೊಂದು ಅಂದಾಜು, ಉದ್ಯಮಕ್ಕೊಂದು ಅಂದಾಜು

ಆರ್ಥಿಕ ವರ್ಷ ಮುಗಿಯುತ್ತ ಬಂದಂತೆ ಅನೇಕ ಸಣ್ಣ ಕೈಗಾರಿಕಾ ಘಟಕಗಳಲ್ಲಿ ಮುಂದಿನ ವರ್ಷದ ಅಂದಾಜುಪಟ್ಟಿಯೊಂದು ಸಿದ್ಧವಾಗುತ್ತದೆ. ದುಡಿಯುವ ಬಂಡವಾಳದ ಸಾಲವನ್ನು ನವೀಕರಿಸಲು ಬ್ಯಾಂಕು ಕೇಳುವ ಸಿ.ಎಂ.ಎ. ತಖ್ತೆಗಾಗಿ ತಯಾರಾಗುವ ಪಟ್ಟಿ ಇದು. ಸಾಲ ಮಂಜೂರಾದೊಡನೆ ಪಟ್ಟಿಯು ಕಡತ ಸೇರುತ್ತದೆ. ಮುಂದಿನ ನವೀಕರಣದವರೆಗೆ ಅದನ್ನು ಯಾರೂ ತೆರೆದು ನೋಡುವುದಿಲ್ಲ.

ಇದಕ್ಕೆ ಕಾರಣವಿದೆ. ರಿಸರ್ವ್ ಬ್ಯಾಂಕು 1991ರಲ್ಲಿ ನೇಮಿಸಿದ ಪಿ.ಆರ್. ನಾಯಕ್ ಸಮಿತಿಯ ಶಿಫಾರಸಿನಿಂದಾಗಿ, ಸಣ್ಣ ಉದ್ಯಮಗಳಿಗೆ ಅಂದಾಜು ವಾರ್ಷಿಕ ವಹಿವಾಟಿನ ಶೇ. 20ರಷ್ಟನ್ನು ದುಡಿಯುವ ಬಂಡವಾಳವಾಗಿ ನೀಡುವ ಪದ್ಧತಿ ರೂಢಿಗೆ ಬಂದಿತು. ವಹಿವಾಟಿನ ಶೇ. 25ರಷ್ಟು ಬಂಡವಾಳ ಬೇಕೆಂದೂ, ಅದರಲ್ಲಿ ಶೇ. 5ರ ಪಾಲನ್ನು ಉದ್ಯಮಿಯು ಸ್ವಂತವಾಗಿ ತರಬೇಕೆಂದೂ ಇದರ ಲೆಕ್ಕ. ಪದ್ಧತಿ ಸರಳವೂ ಉಪಕಾರಿಯೂ ಹೌದು. ಆದರೆ ಮಾರಾಟದ ಅಂಕಿಯನ್ನು ಎಷ್ಟು ಹಿಗ್ಗಿಸಿದರೆ ಅಷ್ಟು ಸಾಲ ಎಂಬ ಆಸೆಯನ್ನೂ ಅದು ಹುಟ್ಟಿಸಿತು. ತಾನೇ ನಂಬದ ಅಂಕಿಯ ಮೇಲೆ ಉದ್ಯಮಿಯು ವರ್ಷದ ವ್ಯವಹಾರವನ್ನು ನಡೆಸಲಾರನು. ಆದ್ದರಿಂದ ವಾಸ್ತವದಲ್ಲಿ ಘಟಕವು ಯಾವ ಅಂದಾಜೂ ಇಲ್ಲದೆ ಸಾಗುತ್ತದೆ.

ಬಜೆಟ್ ಮತ್ತು ಮುನ್ನಂದಾಜು ಒಂದೇ ಎಂಬ ಭಾವನೆಯೂ ಸಾಮಾನ್ಯವಾಗಿದೆ. ಬಜೆಟ್ ಎಂಬುದು ವರ್ಷಾರಂಭದಲ್ಲಿ ನಿಗದಿಪಡಿಸಿದ ಗುರಿ. ಅದನ್ನು ನಡುವೆ ತಿದ್ದುತ್ತ ಹೋದರೆ ಹೋಲಿಸಿ ನೋಡಲು ಅಳತೆಗೋಲೇ ಇಲ್ಲದಂತಾಗುತ್ತದೆ. ಮುನ್ನಂದಾಜಾದರೋ, ಇಂದಿನ ಸ್ಥಿತಿಯಲ್ಲಿ ಮುಂದಿನ ಮೂರು ತಿಂಗಳು ಏನಾದೀತೆಂಬ ಲೆಕ್ಕ. ಅದನ್ನು ತಿಂಗಳು ತಿಂಗಳೂ ತಿದ್ದಲೇಬೇಕು. ಸಣ್ಣ ಘಟಕದಲ್ಲಿ ಇವೆರಡರಲ್ಲಿ ಒಂದನ್ನೇ ಮಾಡಲು ಸಾಧ್ಯವೆಂದಾದರೆ ಎರಡನೆಯದನ್ನು, ಅದರಲ್ಲೂ ನಗದಿನ ಮುನ್ನಂದಾಜನ್ನು, ಆರಿಸಿಕೊಳ್ಳುವುದು ಲೇಸು. ಘಟಕಗಳು ಮುಗ್ಗರಿಸುವುದು ನಷ್ಟದ ವರ್ಷದಲ್ಲಿ ಮಾತ್ರವಲ್ಲ. ಒಳ್ಳೆಯ ಆರ್ಡರು ಬಂದ ವರ್ಷದಲ್ಲಿಯೂ ಅವು ಮುಗ್ಗರಿಸುತ್ತವೆ.

ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಒಂದು ಘಟಕವನ್ನು ಕಲ್ಪಿಸಿಕೊಳ್ಳಬಹುದು. ತಿಂಗಳ ಮಾರಾಟ 20 ಲಕ್ಷ ರೂಪಾಯಿ. ಗ್ರಾಹಕರು ಎರಡು ತಿಂಗಳ ಉದ್ದರಿಯ ಮೇಲೆ ಹಣ ಕೊಡುತ್ತಾರೆ. ಮಾರಾಟದ ಶೇ. 60ರಷ್ಟು ಕಚ್ಚಾಮಾಲಿಗೆ ತಗಲುತ್ತದೆ. ಅದನ್ನು ಒಂದು ತಿಂಗಳು ಮುಂಚಿತವಾಗಿ ಕೊಂಡು, ಮಾರಾಟದ ತಿಂಗಳಿನಲ್ಲಿ ಅದರ ಹಣ ಸಲ್ಲಿಸಲಾಗುತ್ತದೆ. ಕೂಲಿ, ವಿದ್ಯುತ್ತು, ಬಾಡಿಗೆ ಇತ್ಯಾದಿಗಳು ಶೇ. 30. ಉಳಿದ ಶೇ. 10 ಲಾಭ. ಜೂನ್ ತಿಂಗಳಿನಿಂದ ಮಾರಾಟವು 30 ಲಕ್ಷಕ್ಕೆ ಏರಿತೆನ್ನೋಣ.

ಜೂನ್‌ನಲ್ಲಿ ಕಚ್ಚಾಮಾಲಿಗೆ 18 ಲಕ್ಷ, ಇತರ ಖರ್ಚಿಗೆ 9 ಲಕ್ಷ, ಒಟ್ಟು 27 ಲಕ್ಷ ರೂಪಾಯಿ ಹೊರಹೋಗುತ್ತದೆ. ಒಳಬರುವುದು ಏಪ್ರಿಲ್ ಮಾರಾಟದ 20 ಲಕ್ಷ ಮಾತ್ರ. ಕೊರತೆ 7 ಲಕ್ಷ. ಜುಲೈನಲ್ಲಿ ಬರುವುದು ಮೇ ತಿಂಗಳ 20 ಲಕ್ಷ. ಮತ್ತೆ 7 ಲಕ್ಷ ಕೊರತೆ. ಇದರ ಮೇಲೆ ಜಿ.ಎಸ್.ಟಿ.ಯ ಹೊರೆ. ಮಾರಾಟಕ್ಕೂ ಕಚ್ಚಾಮಾಲಿಗೂ ಶೇ. 18ರ ದರವೆಂದು ಹಿಡಿದರೆ, ಜೂನ್ ಮಾರಾಟದ ಮೇಲಿನ ತೆರಿಗೆ 5.40 ಲಕ್ಷ. ಆ ತಿಂಗಳ ಖರೀದಿಯ ಹೂಡುವಳಿ ತೆರಿಗೆ 3.24 ಲಕ್ಷವನ್ನು ಕಳೆದರೆ 2.16 ಲಕ್ಷ ಉಳಿಯುತ್ತದೆ. ಮಾಸಿಕ ವಿವರಪತ್ರ ಸಲ್ಲಿಸುವವರು ಇದನ್ನು ಜುಲೈ 20ರೊಳಗೆ ಕಟ್ಟಬೇಕು. ಗ್ರಾಹಕನು ಆ ತೆರಿಗೆಯನ್ನು ಕೊಡುವುದು ಆಗಸ್ಟ್‌ನಲ್ಲಿ. ಒಳಬರುವ, ಹೊರಹೋಗುವ ತೆರಿಗೆಯನ್ನೆಲ್ಲ ಕೂಡಿ ಕಳೆದರೆ ಜುಲೈನಲ್ಲಿ ಇನ್ನೂ 1.80 ಲಕ್ಷ ಕೊರತೆ ಬೀಳುತ್ತದೆ.

ಲಾಭನಷ್ಟದ ತಖ್ತೆಯಲ್ಲಿ ಈ ಎರಡು ತಿಂಗಳಿಗೆ 6 ಲಕ್ಷ ಲಾಭ. ನಗದಿನಲ್ಲಿ 15.80 ಲಕ್ಷ ಕೊರತೆ. ಮಾಲೀಕನ ಮನೆಖರ್ಚು, ಯಂತ್ರದ ಸಾಲದ ಕಂತು, ಜೂನ್ 15ರ ಮುಂಗಡ ಆದಾಯ ತೆರಿಗೆ ಇದರಲ್ಲಿ ಸೇರಿಲ್ಲ. ಕ್ಯಾಶ್ ಕ್ರೆಡಿಟ್ ಮಿತಿಯನ್ನು ಈಗಾಗಲೇ ಪೂರ್ತಿ ಬಳಸಿಕೊಂಡಿರುವ ಘಟಕದಲ್ಲಿ ಈ ಸ್ಥಿತಿಗೆ ಚೆಕ್ಕು ಹಿಂದಿರುಗುವುದೊಂದೇ ಬಾಕಿ. ಆಗಸ್ಟ್‌ನಲ್ಲಿ ಜೂನ್ ಮಾರಾಟದ ಹಣ ಬಂದು ಕೊರತೆ ಇಳಿಯತೊಡಗುತ್ತದೆ. ಆದರೆ ತಿಂಗಳಿಗೆ 3 ಲಕ್ಷದಂತೆ ಮಾತ್ರ.

ಕೊರತೆಯನ್ನು ಸರಬರಾಜುದಾರರ ಮೇಲೆ ಹೊರಿಸುವುದು ಹಳೆಯ ಉಪಾಯ. ಅದಕ್ಕೂ ಈಗ ಬೆಲೆ ತೆರಬೇಕು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆಯ ಪ್ರಕಾರ, ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲವಾದರೆ 15 ದಿನಗಳೊಳಗೆ ಹಣ ಸಲ್ಲಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅಷ್ಟೇ ಅಲ್ಲ, 2023ರ ಹಣಕಾಸು ಕಾಯ್ದೆ ತಂದ ತಿದ್ದುಪಡಿಯಿಂದಾಗಿ, ಗಡುವು ಮೀರಿದ ಬಾಕಿಯನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಆದಾಯದಿಂದ ಖರ್ಚಾಗಿ ಕಳೆಯಬಹುದು. ಮಾರ್ಚ್ 31ಕ್ಕೆ ಇಂತಹ ಬಾಕಿ ಉಳಿಸಿಕೊಂಡವರು ಆ ಮೊತ್ತಕ್ಕೂ ತೆರಿಗೆ ಕಟ್ಟಬೇಕಾಗುತ್ತದೆ. ಹಾಗೆಂದು ತನ್ನ ಗ್ರಾಹಕನು 45 ದಿನಕ್ಕೆ ಹಣ ಕೊಟ್ಟಾನೆಂದು ಅಂದಾಜಿಸುವುದೂ ತರವಲ್ಲ. ಕಾಯ್ದೆ ಏನೇ ಹೇಳಲಿ, ಆತನು ಕಳೆದ ವರ್ಷ ಎಷ್ಟು ದಿನಕ್ಕೆ ಕೊಟ್ಟನೋ ಆ ದಿನವನ್ನೇ ಪಟ್ಟಿಯಲ್ಲಿ ಬರೆಯಬೇಕು.

ಈ ವ್ಯವಸ್ಥೆಯನ್ನು ಜಾರಿಗೆ ತರಲು ದುಬಾರಿ ತಂತ್ರಾಂಶ ಬೇಕಿಲ್ಲ. ತಂತ್ರಾಂಶವನ್ನು ಮೊದಲು ಕೊಂಡು, ಅಂಕಿಗಳನ್ನು ಆಮೇಲೆ ಹುಡುಕಿದವರೇ ಹೆಚ್ಚು ನಿರಾಶರಾಗಿದ್ದಾರೆ. ಎಕ್ಸೆಲ್‌ನ ಒಂದು ಹಾಳೆಯಲ್ಲಿ ಮುಂದಿನ ಹದಿಮೂರು ವಾರಗಳನ್ನು ಬರೆದುಕೊಂಡರೆ ಸಾಕು. ಮಾರಾಟವನ್ನು ‘ಕಳೆದ ವರ್ಷಕ್ಕಿಂತ ಶೇ. 15 ಹೆಚ್ಚು’ ಎಂದು ಒಟ್ಟಾಗಿ ಬರೆಯದೆ ಗ್ರಾಹಕವಾರು ಬರೆಯಬೇಕು. ಪಾವತಿಯ ಬದಿಯಲ್ಲಿ ತೆರಿಗೆ, ಭವಿಷ್ಯನಿಧಿ, ಸಾಲದ ಕಂತುಗಳನ್ನು ಅವುಗಳ ಗಡುವಿನ ವಾರದಲ್ಲಿಯೇ ತೋರಿಸಬೇಕು. ಆಯುಧಪೂಜೆ, ದೀಪಾವಳಿಯ ಬೋನಸ್ಸು ಪ್ರತಿವರ್ಷ ಬರುವುದೇ ಆದರೂ ಪಟ್ಟಿಯಲ್ಲಿ ಅದನ್ನು ಮರೆಯುವವರು ಕಡಿಮೆಯಿಲ್ಲ.

ಅಂಕಿಗಳನ್ನು ಗುಮಾಸ್ತನೊಬ್ಬನೇ ಕುಳಿತು ತುಂಬಿದರೆ ಪ್ರಯೋಜನವಾಗದು. ಎಷ್ಟು ಮಾಲು ಯಾವಾಗ ಹೊರಬೀಳುವುದೆಂದು ಫೋರ್‌ಮನ್ನನಿಗೂ, ಕಚ್ಚಾಮಾಲು ಎಷ್ಟಿದೆಯೆಂದು ಉಗ್ರಾಣದವನಿಗೂ ಗೊತ್ತು. ತಿಂಗಳ ಮೊದಲ ವಾರದಲ್ಲಿ ಇವರೊಡನೆ ಅರ್ಧ ಗಂಟೆ ಕುಳಿತು, ಅಂದಾಜು, ನಿಜಾಂಕಿ, ವ್ಯತ್ಯಾಸದ ಕಾರಣ ಎಂಬ ಮೂರು ಕಲಮುಗಳನ್ನು ಭರ್ತಿ ಮಾಡಬೇಕು. ಮೊದಲ ಎರಡು ಮೂರು ತಿಂಗಳು ಅಂದಾಜು ತಪ್ಪುವುದು ಸಹಜ. ಆ ಕಾರಣಕ್ಕೆ ಯಾರನ್ನಾದರೂ ಗದರಿಸಿದರೆ, ನಾಲ್ಕನೆಯ ತಿಂಗಳಿನಿಂದ ಎಲ್ಲರೂ ಸುರಕ್ಷಿತವಾದ ಸುಳ್ಳು ಅಂಕಿಯನ್ನೇ ಕೊಡತೊಡಗುತ್ತಾರೆ.

ಮೇಲಿನ ಉದಾಹರಣೆಯ ಘಟಕದಲ್ಲಿ ಇಂತಹ ಹಾಳೆಯೊಂದು ಇದ್ದಿದ್ದರೆ ಜುಲೈ ತಿಂಗಳ ಕೊರತೆಯು ಏಪ್ರಿಲ್‌ನಲ್ಲಿಯೇ ಕಾಣಿಸುತ್ತಿತ್ತು. ಆಗ ಗ್ರಾಹಕನಿಂದ ಮುಂಗಡ ಕೇಳಲು, ಮಾಲನ್ನು ಕಂತಿನಲ್ಲಿ ಕಳುಹಿಸಲು ಒಪ್ಪಿಸಲು, ಅಥವಾ ಆರ್ಡರಿನ ಪ್ರತಿಯೊಡನೆ ಈ ಹಾಳೆಯನ್ನೇ ಲಗತ್ತಿಸಿ ತಾತ್ಕಾಲಿಕ ಹೆಚ್ಚುವರಿ ಮಿತಿಗಾಗಿ ಬ್ಯಾಂಕಿಗೆ ಅರ್ಜಿ ಸಲ್ಲಿಸಲು ಎರಡು ತಿಂಗಳ ಕಾಲಾವಕಾಶ ದೊರೆಯುತ್ತಿತ್ತು.