ಗಣಕಯಂತ್ರದ ತಂತ್ರಾಂಶಕಟ್ಟುಗಳು: ಕನ್ನಡ ಫಾಂಟಿನ ನಿದರ್ಶನದಿಂದ ಒಂದು ವಿವರಣೆ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸರವರು ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ 1894ರಲ್ಲಿ ಅಚ್ಚುಮಾಡಿಸಿದರು. ಮೈಸೂರು ಅರಸರ ವಂಶದ ಐತಿಹ್ಯದೊಡನೆ ಹೆಸರು ಕೂಡಿರುವ ಹದಿನಾರು ಗ್ರಾಮವಿರುವುದೂ ಈ ಸೀಮೆಯಲ್ಲಿಯೇ. ಇಂತಹ ಶಾಸನಪಾಠವನ್ನು ಈಗ ಗಣಕಯಂತ್ರದಲ್ಲಿ ಬರೆದಿಡುವುದು ರೂಢಿಯಾಗಿದೆ. ಆದರೆ ಒಂದು ಯಂತ್ರದಲ್ಲಿ ಶುದ್ಧವಾಗಿ ಕಾಣುವ ಪಾಠವು ಇನ್ನೊಂದರಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ, ಱಕಾರ ೞಕಾರಗಳ ಸ್ಥಾನದಲ್ಲಿ ಬರಿಯ ಚೌಕಗಳಾಗಿ ತೋರುವುದುಂಟು. ಪಾಠವೇ ಕೆಟ್ಟಿತೆಂದು ಭ್ರಮಿಸಿ ತಿದ್ದಲು ಹೊರಟರೆ ಆಗ ನಿಜವಾಗಿಯೂ ಅದು ಕೆಡುವುದು. ಆದುದರಿಂದ ಈ ದೋಷದ ಮೂಲವಾವುದೆಂಬುದನ್ನು ವಿದ್ವಾಂಸರು ತಿಳಿದಿರಬೇಕಾದುದು ಅವಶ್ಯಕ.

ಗಣಕಯಂತ್ರವು ಕಾಪಿಡುವುದು ಅಕ್ಷರದ ಆಕಾರವನ್ನಲ್ಲ, ಅದಕ್ಕೆ ಯೂನಿಕೋಡ್ ಎಂಬ ವ್ಯವಸ್ಥೆಯು ಗೊತ್ತುಮಾಡಿರುವ ಸಂಖ್ಯೆಯನ್ನು. ಈ ಸಂಖ್ಯೆಯು ಸ್ಥಿರವಾದುದು. ನಮ್ಮ ೞಕಾರಕ್ಕೆ ಆ ಪಟ್ಟಿಯಲ್ಲಿ ಪ್ರಮಾದದಿಂದ ‘ಫ’ ಎಂಬ ಹೆಸರು ಬಿದ್ದಿತು. ಒಮ್ಮೆ ಪ್ರಕಟವಾದ ಹೆಸರನ್ನು ಬದಲಾಯಿಸಕೂಡದೆಂಬ ನಿಯಮವಿರುವುದರಿಂದ ಅದು ಹಾಗೆಯೇ ಉಳಿದು, ಸರಿಯಾದ ಹೆಸರು ಉಪನಾಮವಾಗಿ ಸೇರಿತು. ಸಂಖ್ಯೆಗೆ ಆಕಾರವನ್ನು ಕೊಡತಕ್ಕದ್ದು ಫಾಂಟು. ಒತ್ತು ಗುಣಿತಗಳನ್ನು ಯಥಾಸ್ಥಾನದಲ್ಲಿ ಜೋಡಿಸತಕ್ಕದ್ದು ಹಾರ್ಫ್‌ಬಜ್ ಮೊದಲಾದ ಬೇರೆ ತಂತ್ರಾಂಶ. ಇವು ಯಂತ್ರದಲ್ಲಿ ಇಲ್ಲದಿದ್ದರೆ, ಅಥವಾ ಹಳೆಯವಾಗಿದ್ದರೆ, ಮೇಲೆ ಹೇಳಿದ ವಿಕಾರವು ತೋರುವುದು. ಇವನ್ನು ಯಂತ್ರಕ್ಕೆ ತಂದು ಸೇರಿಸುವ ಉಪಾಯವೇ ಪ್ಯಾಕೇಜ್. ಓಲೆಯ ಕಟ್ಟಿನ ಹೋಲಿಕೆಯಿಂದ ಇದನ್ನು ‘ಕಟ್ಟು’ ಎಂದು ಕರೆಯೋಣ.

ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯು 1969ರಲ್ಲಿ ಅಮೆರಿಕಾದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿತು. ಲಿನಕ್ಸ್, ಫ್ರೀಬಿಎಸ್‌ಡಿ, ನೆಟ್‌ಬಿಎಸ್‌ಡಿ ಮುಂತಾದುವು ಅದರ ಕುಲಕ್ಕೆ ಸೇರಿದುವು. ಇವುಗಳಲ್ಲಿ ತಂತ್ರಾಂಶವು ಮೊದಲು ಮೂಲಪಾಠವಾಗಿ ದೊರೆಯುವುದು. ಅದನ್ನು ಯಂತ್ರಕ್ಕೆ ಒಗ್ಗುವಂತೆ ಪರಿವರ್ತಿಸುವ ಕೆಲಸಕ್ಕೆ ರಚನೆಯೆಂದು ಹೆಸರು. ಯಾವ ಭಾಗವು ಯಾವುದರಿಂದ ಹುಟ್ಟುವುದೆಂಬ ಕ್ರಮವನ್ನು ನೋಡಿ ಅಗತ್ಯವಾದಷ್ಟನ್ನೇ ರಚಿಸುವ ‘ಮೇಕ್’ ಎಂಬ ಸಾಧನವನ್ನು ಸ್ಟೂಅರ್ಟ್ ಫೆಲ್ಡ್‌ಮನ್ನರು 1976ರಲ್ಲಿ ನಿರ್ಮಿಸಿದರು. ಆದರೆ ರಚಿಸಿದ ಕಡತಗಳನ್ನು ಕೈಯಿಂದಲೇ ಹಂಚಿಟ್ಟರೆ, ಯಾವುದು ಯಾವ ತಂತ್ರಾಂಶಕ್ಕೆ ಸೇರಿದುದೆಂಬ ಲೆಕ್ಕವು ಉಳಿಯದು; ತೆಗೆದುಹಾಕುವುದು ಕಷ್ಟ, ನವೀಕರಿಸುವುದು ಇನ್ನೂ ಕಷ್ಟ. ಈ ಲೆಕ್ಕವನ್ನು ಇಡುವುದಕ್ಕಾಗಿಯೇ ಕಟ್ಟುಗಳು ಏರ್ಪಟ್ಟುವು.

ಸ್ಥಾಲೀಪುಲಾಕ ನ್ಯಾಯದಿಂದ ಲೋಹಿತ್ ಕನ್ನಡ ಎಂಬ ಫಾಂಟನ್ನು ಪರೀಕ್ಷಿಸೋಣ. ಇದರ ಮೂಲಪಾಠದಿಂದ ಫಾಂಟನ್ನು ಪಡೆಯಲು ಫಾಂಟ್‌ಫೋರ್ಜ್ ಎಂಬ ತಂತ್ರಾಂಶವು ಬೇಕು. ಇದು ರಚನಾಕಾಲದ ಅವಲಂಬನೆ; ಫಾಂಟನ್ನು ಬಳಸುವವನಿಗೆ ಅದರ ಅಗತ್ಯವಿಲ್ಲ. ಅಡಿಗೆಯವನಿಗೆ ಒಲೆ ಬೇಕು, ಉಣ್ಣುವವನಿಗೆ ಎಲೆ ಸಾಕು. ಆದರೆ ಪಠ್ಯವನ್ನು ತೋರಿಸುವ ತಂತ್ರಾಂಶಕ್ಕೆ ಹಾರ್ಫ್‌ಬಜ್ ಬಳಕೆಯ ಕಾಲದಲ್ಲಿಯೂ ಬೇಕು. ಇದು ಬಳಕೆಯ ಅವಲಂಬನೆ. ಈ ಭೇದವನ್ನು ಅರಿಯದೆ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಬರೆದರೆ ಯಂತ್ರವು ವೃಥಾ ಭಾರದಿಂದ ತುಂಬುವುದು.

ಈ ಒಂದೇ ಫಾಂಟಿಗೆ ಡೆಬಿಯನ್ ವ್ಯವಸ್ಥೆಯಲ್ಲಿ ‘ಫಾಂಟ್ಸ್-ಲೋಹಿತ್-ಕೆಎನ್‌ಡಿಎ’ ಎಂದು ಹೆಸರು. ಫೆಡೋರಾದಲ್ಲಿ ‘ಲೋಹಿತ್-ಕನ್ನಡ-ಫಾಂಟ್ಸ್’ ಎಂದು. ಕಟ್ಟಿನ ರೂಪವೂ ಬೇರೆ. ಡೆಬಿಯನ್ನಿನ ಕಟ್ಟಿನೊಳಗೆ ಮೂರು ಭಾಗಗಳುಂಟು: ಕಟ್ಟಿನ ಪದ್ಧತಿಯ ಆವೃತ್ತಿ, ವಿವರಪತ್ರಿಕೆ, ಕಡತಗಳ ರಾಶಿ. ಫೆಡೋರಾದ ಆರ್‌ಪಿಎಮ್ ಕಟ್ಟನ್ನು ರಚಿಸಲು ಹೆಸರು, ಅವಲಂಬನೆ, ರಚನಾವಿಧಿ ಎಲ್ಲವನ್ನೂ ‘ಸ್ಪೆಕ್’ ಎಂಬ ಒಂದೇ ಕಡತದಲ್ಲಿ ಬರೆಯುತ್ತಾರೆ. ಒಂದನ್ನು ಇನ್ನೊಂದಾಗಿ ಪರಿವರ್ತಿಸುವ ಸಾಧನವಿದ್ದರೂ ಅವಲಂಬನೆಗಳ ಹೆಸರು ಹೊಂದದೆ ಹೋಗುವ ಸಂಭವವಿರುವುದರಿಂದ, ಆಯಾ ವ್ಯವಸ್ಥೆಯ ಸ್ವಂತ ಕಟ್ಟನ್ನೇ ಆಶ್ರಯಿಸುವುದು ಕ್ಷೇಮ. ಡೆಬಿಯನ್ನಿನಲ್ಲಿ ಲೋಹಿತ್, ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಪ್ರತ್ಯೇಕವಾಗಿ ದೊರೆಯುವುವು. ‘ಫಾಂಟ್ಸ್-ಕೆಎನ್‌ಡಿಎ’ ಎಂಬ ಕಟ್ಟಿನಲ್ಲಿ ಸ್ವತಃ ಯಾವ ಫಾಂಟೂ ಇಲ್ಲ. ಕನ್ನಡ ಫಾಂಟಿನ ಕಟ್ಟುಗಳನ್ನು ತನ್ನ ಅವಲಂಬನೆಗಳೆಂದು ಹೇಳಿ ಅವನ್ನು ಒಟ್ಟಿಗೆ ಕರೆತರುವುದೇ ಅದರ ಪ್ರಯೋಜನ.

ಅವಲಂಬನೆಯನ್ನು ನಮ್ಮ ಶಾಸ್ತ್ರದ ಅನುವೃತ್ತಿಗೆ ಹೋಲಿಸಬಹುದು. ಹಿಂದಣ ಸೂತ್ರದ ಪದವು ಬಾರದೆ ಮುಂದಣ ಸೂತ್ರದ ಅರ್ಥವು ಹೇಗೆ ಪೂರ್ಣವಾಗದೋ ಹಾಗೆಯೇ ಅವಲಂಬನೆಯು ಬಾರದೆ ಕಟ್ಟು ನಡೆಯದು. ಆದರೆ ಒಂದು ವ್ಯತ್ಯಾಸವುಂಟು. ವ್ಯಾಕರಣದಲ್ಲಿ ಸಮಬಲದ ಎರಡು ವಿಧಿಗಳು ವಿರೋಧಿಸಿದರೆ ಪರವಾದುದು ಗೆಲ್ಲುವುದು. ಇಲ್ಲಿಯಾದರೋ ಪರಸ್ಪರ ವಿರೋಧವನ್ನು ಘೋಷಿಸಿದ ಎರಡು ಕಟ್ಟುಗಳು ಒಟ್ಟಿಗೆ ನೆಲಸಲಾರವು. ಆವೃತ್ತಿಗಳ ಪೌರ್ವಾಪರ್ಯದಲ್ಲಿಯೂ ಸೂಕ್ಷ್ಮವುಂಟು: 1.9ಕ್ಕಿಂತ 1.10 ಹೊಸದು, ಏಕೆಂದರೆ ಇಲ್ಲಿ ಬಿಂದುವು ದಶಾಂಶಚಿಹ್ನೆಯಲ್ಲ, ವಿಭಾಗಚಿಹ್ನೆ.

ಇನ್ನು ಪ್ರಾಮಾಣ್ಯದ ವಿಚಾರ. ತಾಮ್ರಶಾಸನಕ್ಕೆ ರಾಜಮುದ್ರೆಯಿದ್ದಂತೆ ಕಟ್ಟುಗಳ ಭಂಡಾರಕ್ಕೂ ಮುದ್ರೆಯುಂಟು. ಡೆಬಿಯನ್ನಿನಲ್ಲಿ ಭಂಡಾರದ ಮುಖ್ಯಪತ್ರಕ್ಕೆ ಗೂಢಲಿಪಿಯ ಸಹಿಯಿರುವುದು. ಆ ಪತ್ರದಲ್ಲಿ ಸೂಚಿಯ ಅಂಕಮುದ್ರೆ, ಸೂಚಿಯಲ್ಲಿ ಒಂದೊಂದು ಕಟ್ಟಿನ ಅಂಕಮುದ್ರೆ. ದಾರಿಯಲ್ಲಿ ಕಟ್ಟಿನ ಒಂದು ಅಂಶವು ಬದಲಾದರೂ ಮುದ್ರೆಯು ತಾಳೆಯಾಗದೆ ಯಂತ್ರವು ಅದನ್ನು ನಿರಾಕರಿಸುವುದು.

ಬೇರೆ ಬೇರೆ ವ್ಯವಸ್ಥೆಗಳಿಗೆ ಸಮಾನವಾದ ಮಾರ್ಗವಿಲ್ಲವೇ ಎಂದರೆ, ಉಂಟು. ಫ್ರೀಬಿಎಸ್‌ಡಿಯವರು 1994ರಲ್ಲಿ ಆರಂಭಿಸಿದ ‘ಪೋರ್ಟ್ಸ್’ ಪದ್ಧತಿಯು ರಚನಾವಿಧಿಯನ್ನೂ ಮೂಲಪಾಠದ ಅಂಕಮುದ್ರೆಯನ್ನೂ ಕೊಟ್ಟು ಬಳಸುವವನ ಯಂತ್ರದಲ್ಲಿಯೇ ಕಟ್ಟನ್ನು ರಚಿಸಬಲ್ಲುದು. ಇದರಿಂದ ಹುಟ್ಟಿ 1997ರಲ್ಲಿ ನೆಟ್‌ಬಿಎಸ್‌ಡಿಯಲ್ಲಿ ಬೆಳೆದ ‘ಪಿಕೆಜಿಸೋರ್ಸ್’ ಲಿನಕ್ಸ್ ಮೊದಲಾದ ಹಲವು ವ್ಯವಸ್ಥೆಗಳಲ್ಲಿ ನಡೆಯುತ್ತದೆ. 2003ರಲ್ಲಿ ಆರಂಭವಾದ ‘ನಿಕ್ಸ್’ ಪದ್ಧತಿಯಲ್ಲಿ ಪ್ರತಿಯೊಂದು ಕಟ್ಟಿಗೂ ಅಂಕಮುದ್ರೆಯುಳ್ಳ ಪ್ರತ್ಯೇಕ ಸ್ಥಾನವುಂಟು. ಒಂದೇ ತಂತ್ರಾಂಶದ ಎರಡು ಆವೃತ್ತಿಗಳು ಕಲಹವಿಲ್ಲದೆ ಒಟ್ಟಿಗಿರಬಲ್ಲುವು.

ಇದರಿಂದ ಫಲಿತವಾದುದೇನೆಂದರೆ: ಶಾಸನಪಾಠವನ್ನು ಸಂಪಾದಿಸುವವರು ಪಾಠದೊಡನೆ ಫಾಂಟಿನ ಹೆಸರು, ಅದರ ಆವೃತ್ತಿ, ಕಾರ್ಯವ್ಯವಸ್ಥೆ ಇವನ್ನು ಬರೆದಿಡತಕ್ಕದ್ದು. ಮೂಲಪಾಠವು ಎಲ್ಲರಿಗೂ ದೊರೆಯುವ, ಮುಕ್ತ ಪರವಾನಗಿಯುಳ್ಳ ಫಾಂಟನ್ನೇ ಆರಿಸತಕ್ಕದ್ದು. ಅದನ್ನು ಮುಂದಿನವರು ತಮ್ಮ ಯಂತ್ರಕ್ಕೆ ಒಗ್ಗುವಂತೆ ಪುನಃ ರಚಿಸಿಕೊಳ್ಳಬಲ್ಲರು. ಚೌಕವು ಕಂಡಾಗ ಮೊದಲು ಕಟ್ಟನ್ನು ಪರೀಕ್ಷಿಸಿ, ಅನಂತರ ಪಾಠವನ್ನು ಸಂದೇಹಿಸತಕ್ಕದ್ದು. ಪ್ರತಿಕಾರನ ಕೈತಪ್ಪನ್ನು ಕವಿಯ ತಪ್ಪೆಂದು ಎಣಿಸದಿರುವುದು ನಮ್ಮ ಗ್ರಂಥಸಂಪಾದಕರ ಹಳೆಯ ಮರ್ಯಾದೆ. ಅದನ್ನು ಯಂತ್ರದ ವಿಷಯದಲ್ಲಿಯೂ ಪಾಲಿಸಿದರೆ ಶಿಲೆಯಲ್ಲಿ ಉಳಿದು ಬಂದ ೞಕಾರವು ಯಂತ್ರದಲ್ಲಿಯೂ ಉಳಿಯುವುದು.